ಈಥರಿನ ಗಿಡ್ಡ ಶಿಖರ

ತರಗತಿಯ ಮುಂದೆ ಎರಡೂ ಕೈ ಚಾಚಿ ನಿಲ್ಲುವುದು ನನ್ನಂಥವಳಿಗೆ ಸಣ್ಣ ಸಂಗತಿಯಲ್ಲ. ಆದರೂ ಅಂದು ನಿಂತೆ. ನನ್ನ ಎದೆಯನ್ನು ಆಮ್ಲಜನಕ ಅಂದುಕೊಳ್ಳಿ, ಮೊಣಕೈ ಎರಡನ್ನೂ ಇಂಗಾಲ ಅಂದುಕೊಳ್ಳಿ, ಮುಷ್ಟಿಗಳು ಇನ್ನೆರಡು ಇಂಗಾಲ. ಹೈಡ್ರೋಜನ್‌ಗಳನ್ನು ಸದ್ಯಕ್ಕೆ ಮರೆತುಬಿಡಿ ಎಂದೆ. ಇದೇ ಈಥರಿನ ಒಂದು ಅಣು.

“ಇದು ಹಿಂಗ ಎರಡೂ ಕೈ ಚಾಚಿಕೊಂಡು ಇರಬಹುದು,” ಎಂದು ಹೇಳಿ, ಎಡ ಮೊಣಕೈಯನ್ನು ಮಡಚಿದೆ. “ಇಲ್ಲಾಂದ್ರ ಹಿಂಗ ಒಂದು ಕೈ ಮಡಚಿಕೊಂಡೂ ಇರಬಹುದು. ಬಾಟಲಿಯೊಳಗ ಎರಡೂ ಥರದವು ಬೆರೆತುಕೊಂಡೇ ಇರ್ತಾವ.”

ಹಿಂದಿನ ಬೆಂಚಿನಲ್ಲಿ ಯಾರೋ “ಟ್ರಾಫಿಕ್ ಪೊಲೀಸು” ಅಂದರು. ನಗು ಎದ್ದಿತು. ನಾನು ಕೈ ಇಳಿಸಿ ಬೋರ್ಡಿನ ಕಡೆ ತಿರುಗಿದೆ. ಕಿವಿ ಬಿಸಿಯಾಗಿತ್ತು.

“ಮೇಡಂ, ಒಂದು ಕೇಳ್ಲೇನ್ರಿ?” ಎಂದಳು ಹುಲುಗಮ್ಮ. ಕೂಡ್ಲಿಗಿ ಕಡೆಯ ಹುಡುಗಿ. ಅವರ ಮನೆಯಲ್ಲಿ ಕುರಿ ಸಾಕುತ್ತಾರೆ. ಅವಳು ನಗುವವರ ಜೊತೆ ನಕ್ಕಿರಲಿಲ್ಲ. “ನೀವು ನೋಡೀರೇನ್ರಿ? ಅದು ಕೈ ಮಡಚಿದ್ದನ್ನ?”

ಪ್ರಶ್ನೆಯಲ್ಲಿ ಚೇಷ್ಟೆ ಇರಲಿಲ್ಲ. ಅದಕ್ಕೇ ಸುಳ್ಳು ಹೇಳಲು ಬರಲಿಲ್ಲ.

“ಇಲ್ಲ,” ಎಂದೆ.

ಹುಲುಗಮ್ಮ ತಲೆಯಾಡಿಸಿ ಕುಳಿತಳು. ಅಷ್ಟೇ. ಆದರೆ ಆ ‘ಇಲ್ಲ’ ನನ್ನ ಜೊತೆ ಮನೆಗೆ ಬಂದಿತು. ಊಟಕ್ಕೆ ಕುಳಿತಾಗಲೂ ಇತ್ತು, ದಿನಚರಿ ಬರೆಯಲು ಕುಳಿತಾಗಲೂ ಇತ್ತು. ಎಂ.ಎಸ್ಸಿ. ಮುಗಿಸಿದ್ದೇನೆ, ಅಂಕಗಳೂ ಚೆನ್ನಾಗಿವೆ. ಆದರೆ ನಾನು ಓದಿದ ವಿಶ್ವವಿದ್ಯಾಲಯದಲ್ಲಿ ಯಂತ್ರಗಳು ಗಾಜಿನ ಬಾಗಿಲಿನ ಒಳಗಿದ್ದವು, ನಾವು ಹೊರಗಿದ್ದೆವು. ಯಾರೋ ಯಾವಾಗಲೋ ತೆಗೆದ ರೋಹಿತಗಳ, ಅಂದರೆ ಬೆಳಕಿನ ಏರಿಳಿತದ ಗೆರೆಗಳ, ಜೆರಾಕ್ಸ್ ಹಾಳೆ ಹಂಚುತ್ತಿದ್ದರು. ಈ ಶಿಖರ ಇಂಥ ಬಂಧದ್ದು, ಆ ಶಿಖರ ಇಂಥದ್ದು ಎಂದು ನಾವು ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದೆವು. ಊರನ್ನೇ ನೋಡದೆ ನಕ್ಷೆ ಬಿಡಿಸಿದ ಹಾಗೆ. ಈಗ ಹಗರಿಬೊಮ್ಮನಹಳ್ಳಿಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ, ಅದೇ ನಕ್ಷೆಯನ್ನು ಇನ್ನೊಬ್ಬರಿಗೆ ಬಿಡಿಸಿ ತೋರಿಸುತ್ತಿದ್ದೆ. ಒಂದು ಸಲ, ಒಂದೇ ಒಂದು ಸಲ, ನನ್ನ ಕಣ್ಣಿನಿಂದ ನೋಡಬೇಕು ಅನ್ನಿಸಿತು. ನೋಡದೆ ಹೋದರೆ ಮುಂದಿನ ವರ್ಷ ಆ ಪಾಠಕ್ಕೆ ನಿಲ್ಲಲು ನನ್ನಿಂದ ಆಗುವುದಿಲ್ಲ ಎಂದೂ ಅನ್ನಿಸಿತು.

ಬೇಸಿಗೆ ಏರುವ ಹೊತ್ತಿಗೆ ಆ ಯಂತ್ರ ಬಂದಿತು. ಒಂದು ವಿಶ್ವವಿದ್ಯಾಲಯದವರು ಸುತ್ತಲಿನ ಕಾಲೇಜುಗಳಿಗೆ ಸರದಿಯ ಮೇಲೆ ಕಳಿಸುತ್ತಿದ್ದ ರಾಮನ್ ರೋಹಿತಮಾಪಕ. ಹಡಗಲಿಯಿಂದ ನಮ್ಮಲ್ಲಿಗೆ, ನಮ್ಮಲ್ಲಿಂದ ಹರಪನಹಳ್ಳಿಗೆ. ಟಿಫಿನ್ ಕ್ಯಾರಿಯರನ್ನು ಅಡ್ಡ ಮಲಗಿಸಿದಷ್ಟು ಪೆಟ್ಟಿಗೆ, ಅದರಿಂದ ಹೊರಟ ತೆಳುವಾದ ಕೇಬಲ್ಲು, ಕೇಬಲ್ಲಿನ ತುದಿಗೆ ಪೆನ್ನಿನಂಥ ಮೂತಿ. ಮೂತಿಯಿಂದ ಹಸಿರು ಬೆಳಕು ಹೊರಡುತ್ತದೆ, ಅದೇ ಮೂತಿ ಮರಳಿ ಬಂದ ಬೆಳಕನ್ನೂ ಹಿಡಿಯುತ್ತದೆ. ಹೋದ ಬೆಳಕು ಬಹುತೇಕ ಹೋದ ಹಾಗೆಯೇ ಹಸಿರಾಗಿ ಬರುತ್ತದೆ. ಆದರೆ ಕೋಟಿಯಲ್ಲಿ ಒಂದು ಕಣ, ಅಣುವಿನ ನಡುಕಕ್ಕೆ ತನ್ನ ಶಕ್ತಿಯಲ್ಲಿ ಒಂದಿಷ್ಟು ಕೊಟ್ಟು, ತುಸು ಕೆಂಪಿನ ಕಡೆ ವಾಲಿ ಬರುತ್ತದೆ. ಎಷ್ಟು ವಾಲಿತು ಎಂಬುದರಿಂದ ಅಣು ಎಷ್ಟು ವೇಗವಾಗಿ ನಡುಗುತ್ತಿದೆ ಎಂದು ತಿಳಿಯುತ್ತದೆ. ಕೊಡಕ್ಕೆ ನೀರು ಬೀಳುವ ಸದ್ದು ಕೇಳಿ, ನೋಡದೆಯೇ, ಇನ್ನೆಷ್ಟು ತುಂಬಬೇಕು ಎಂದು ಹೇಳುತ್ತೇವಲ್ಲ, ಹಾಗೆ. ಕೈ ಚಾಚಿದ ಅಣುವಿನ ನಡುಕ ಬೇರೆ, ಮಡಚಿದ್ದರದು ಬೇರೆ.

ವಿಭಾಗದ ಮುಖ್ಯಸ್ಥರಾದ ಶಿವಯೋಗಪ್ಪ ಸರ್ ಕೀಲಿ ಕೊಡುವಾಗ ನನ್ನ ಮುಖ ನೋಡಿದರು. “ಪುಸ್ತಕದಾಗ ಐತಲ್ಲಮ್ಮ. ಮತ್ಯಾಕ ನೋಡಬೇಕು?”

ನಾನು ಕೀಲಿ ತೆಗೆದುಕೊಂಡೆ.

ಹೊಸ ಈಥರ್ ಬಾಟಲಿಯನ್ನು ಮಂಜುಗಡ್ಡೆಯ ಬಕೆಟ್ಟಿನಲ್ಲಿ ಇಟ್ಟು ತೆರೆದೆ. ನಮ್ಮ ಕಡೆಯ ಬೇಸಿಗೆಯ ಮಧ್ಯಾಹ್ನಕ್ಕೆ ಈಥರ್ ತಾನಾಗಿಯೇ ಕುದಿದು ಹೋಗುತ್ತದೆ. ಅಂಗೈಯ ಬಿಸಿ ಸಾಕು ಅದಕ್ಕೆ. ಬೆರಳಿನಷ್ಟು ದಪ್ಪವೂ ಇಲ್ಲದ ಗಾಜಿನ ನಳಿಗೆಗೆ ತುಂಬಿ, ಮುಚ್ಚಳ ಬಿಗಿ ಮಾಡಿ, ಮೂತಿಯ ಮುಂದೆ ನಿಲ್ಲಿಸಿದೆ. ಕಂಪ್ಯೂಟರಿನ ಪರದೆಯ ಮೇಲೆ ಗೆರೆ ನಿಧಾನವಾಗಿ ಎದ್ದಿತು. ಎಡಗಡೆ ಒಂದು ಎತ್ತರದ ಶಿಖರ: ಕೈ ಚಾಚಿಕೊಂಡ ಅಣುಗಳದ್ದು. ಅದರ ಬಲಕ್ಕೆ ಒಂದು ಗಿಡ್ಡ ಶಿಖರ: ಕೈ ಮಡಚಿಕೊಂಡವುಗಳದ್ದು.

ಜೆರಾಕ್ಸ್ ಹಾಳೆಯಲ್ಲಿ ಇದ್ದದ್ದೇ. ಆದರೆ ಈಗ ಅದು ನನ್ನ ಮುಂದಿದ್ದ ನಳಿಗೆಯಿಂದ ಬಂದಿತ್ತು. ನನಗೆ ಎದ್ದು ನಿಲ್ಲಬೇಕು ಅನ್ನಿಸಿತು. ನಿಂತೆ. ಯಾರೂ ಇರಲಿಲ್ಲ.

ಹುಲುಗಮ್ಮನನ್ನು ಕರೆದು ತೋರಿಸಿದೆ. ಅವಳು ಬಹಳ ಹೊತ್ತು ನೋಡಿದಳು.

“ಎರಡು ಗುಡ್ಡ ಕಾಣ್ತಾವ್ರಿ ಮೇಡಂ. ಆದ್ರ ಈ ಸಣ್ಣದು ಕೈ ಮಡಚಿದ್ದರದೇ ಅಂತ ಹೆಂಗ್ರಿ? ಬ್ಯಾರೆ ಏನರ ಕಸ ಇದ್ದೀತು.”

ಅವಳ ಮಾತು ಸರಿಯಾಗಿತ್ತು. ಗಿಡ್ಡ ಶಿಖರ ಯಾವುದೋ ಕಲಬೆರಕೆಯದೂ ಆಗಿರಬಹುದು. ಖಾತ್ರಿ ಮಾಡಿಕೊಳ್ಳುವ ದಾರಿಯೂ ಪುಸ್ತಕದಲ್ಲಿ ಒಂದು ಸಾಲಿನಲ್ಲಿತ್ತು: ಈಥರ್ ಹರಳುಗಟ್ಟಿದಾಗ ಅಣುಗಳೆಲ್ಲ ಕೈ ಚಾಚಿದ ರೂಪಕ್ಕೇ ಬರುತ್ತವೆ, ಮಡಚಿದ ರೂಪದ ಶಿಖರ ಅಳಿಸಿಹೋಗುತ್ತದೆ. ಕಲಬೆರಕೆಯಾದರೆ ಅಳಿಸುವುದಿಲ್ಲ. ಆದರೆ ಈಥರ್ ಮಂಜುಗಡ್ಡೆಗೆಲ್ಲ ಜಗ್ಗುವುದಿಲ್ಲ. ಸೊನ್ನೆಗಿಂತ ನೂರು ಡಿಗ್ರಿಗೂ ಕೆಳಗಿನ ಚಳಿ ಬೇಕು. ಅಂಥ ಚಳಿ ಹಗರಿಬೊಮ್ಮನಹಳ್ಳಿಯಲ್ಲಿ ಎಲ್ಲಿಂದ ತರುವುದು?

ಮನೆಯಲ್ಲೇ ಇತ್ತು. ನಾನು ದಿನಾ ಅದರ ಸುತ್ತ ಕಸ ಗುಡಿಸುತ್ತಿದ್ದೆ.

ನಾನಿರುವುದು ಅಕ್ಕ ಶಿವಲೀಲಾಳ ಮನೆಯಲ್ಲಿ. ಭಾವ ಕಾಂತೇಶ್ ಹಳ್ಳಿಹಳ್ಳಿಗೆ ಬೈಕಿನಲ್ಲಿ ಹೋಗಿ ಎಮ್ಮೆ, ಆಕಳುಗಳಿಗೆ ಕೃತಕ ಗರ್ಭಧಾರಣೆ ಮಾಡುತ್ತಾರೆ. ಕಾಲೇಜಿನಲ್ಲಿ ಕೇಳಿದರೆ ‘ಪಶು ಇಲಾಖೆಯ ಕೆಲಸಕ್ಕೆ ಸಂಬಂಧಪಟ್ಟಿದ್ದು’ ಅನ್ನುತ್ತೇನೆ. ಜೋಳದ ಚೀಲಗಳ ಪಕ್ಕದಲ್ಲಿ ಅವರ ಅಲ್ಯೂಮಿನಿಯಂ ಕ್ಯಾನು ಇರುತ್ತದೆ. ಒಳಗೆ ದ್ರವ ನೈಟ್ರೋಜನ್. ಅದರಲ್ಲಿ ಮುಳುಗಿದ ಹುಲ್ಲುಕಡ್ಡಿಯಂಥ ಕೊಳವೆಗಳಲ್ಲಿ ದೂರದ ಹೋರಿ, ಕೋಣಗಳ ವೀರ್ಯ. ಭಾವ ಅವನ್ನು ‘ಕಡ್ಡಿ’ ಅನ್ನುತ್ತಾರೆ.

ಯಂತ್ರ ಹರಪನಹಳ್ಳಿಗೆ ಹೊರಡುವ ಹಿಂದಿನ ದಿನದವರೆಗೂ ನನಗೆ ಕೇಳುವ ಧೈರ್ಯ ಬರಲಿಲ್ಲ. ಅಂದು ಊಟಕ್ಕೆ ಕುಳಿತಾಗ, ರೊಟ್ಟಿ ನೋಡುತ್ತಲೇ ಕೇಳಿದೆ.

“ಭಾವ, ನಿಮ್ಮ ಕ್ಯಾನಿನಾಗಿಂದು ಒಂದು ಲೋಟ ಕೊಡ್ತೀರೇನ್ರಿ?”

ಭಾವನ ಕೈ ನಿಂತಿತು. “ಏನು ಒಂದು ಲೋಟ?”

“ನೈಟ್ರೋಜನ್.”

“ಕುಡಿಯಾಕೇನು?” ಎಂದವರು ಅಕ್ಕನ ಕಡೆ ತಿರುಗಿ, “ನಿನ್ನ ತಂಗಿ ಯಾವಾಗ ಎಮ್ಮಿ ಕಟ್ಟಿದ್ಲೇ ಶಿವಲೀಲಾ? ನಮಗ ಹೇಳೇ ಇಲ್ಲ!” ಎಂದರು.

“ಈಥರನ್ನ ಹೆಪ್ಪುಗಟ್ಟಿಸಬೇಕ್ರಿ. ಅದರೊಳಗಿನ ಅಣು ನೋಡಾಕ.”

“ಲೇ ಪುಷ್ಪಿ, ಆ ಕ್ಯಾನಿನಾಗ ಮುರ್ರಾ ಕೋಣ ಅದಾವ, ಜರ್ಸಿ ಹೋರಿ ಅದಾವ. ನೈಟ್ರೋಜನ್ ಇಳೀತಂದ್ರ ಒಂದೂ ಉಳಿಯಂಗಿಲ್ಲ. ಟ್ಯಾಂಕರ್ ಬರಾಕ ಇನ್ನೂ ಟೈಮ್ ಐತಿ. ಅಣು ನೋಡಾಕ ಹೋಗಿ ನನ್ನ ಹೋರಿಗೋಳನ್ನ ಕೊಲ್ಲಬೇಕೇನು?”

ನಾನು ರೊಟ್ಟಿ ಮುರಿದೆ. ಮಾತು ಮುಗಿಯಿತು ಎಂದುಕೊಂಡೆ.

ಅಕ್ಕ ಪಲ್ಯದ ಸೌಟನ್ನು ಠಣ್ಣನೆ ಇಟ್ಟಳು. “ಕೊಡ್ರಿ ಸುಮ್ನ. ಈ ಮನಿಗೆ ಬಂದಾಗಿಂದ ಅಕಿ ಬಾಯಿಬಿಟ್ಟು ಕೇಳಿದ್ದು ಇದೇ ಮೊದಲು. ಒಂದು ಸೀರಿ ಕೇಳಿಲ್ಲ, ಒಂದು ಬಳಿ ಕೇಳಿಲ್ಲ. ಕೇಳಿದ್ದೂ ಕಣ್ಣಿಗೆ ಕಾಣದಂಥ ಗಾಳಿ. ಅದನ್ನೂ ಕೊಡಲ್ಲಂದ್ರ ಅಕಿಗೆ ಎಂಥಾ ಭಾವ ನೀವು?”

ಭಾವ ನಕ್ಕರು. “ಆತು ಬಿಡು. ಆದ್ರ ಕ್ಯಾನು ಯಾರ ಕೈಗೂ ಕೊಡಂಗಿಲ್ಲ. ನಾನೇ ತರ್ತೀನಿ, ನಾನೇ ಹಾಕ್ತೀನಿ, ನಾನೇ ತಗೊಂಡು ಹೋಗ್ತೀನಿ.”

ಮರುದಿನ ಮಧ್ಯಾಹ್ನ ಯಂತ್ರ ಒಯ್ಯಲು ಗಾಡಿ ಬರುವುದಿತ್ತು. ಬೆಳಿಗ್ಗೆಯೇ ಭಾವ ಕ್ಯಾನನ್ನು ಎದೆಗವಚಿಕೊಂಡು ನಮ್ಮ ಪ್ರಯೋಗಾಲಯದ ಮೆಟ್ಟಿಲು ಹತ್ತಿದರು. ಹುಲುಗಮ್ಮ ಆಗಲೇ ಬಂದಿದ್ದಳು. ಲಸಿಕೆ ಬರುವ ಥರ್ಮಾಕೋಲ್ ಡಬ್ಬಿಯೊಂದರ ಪಕ್ಕೆಗೆ ನಾನು ತೂತು ಕೊರೆದಿದ್ದೆ; ತಳದಲ್ಲಿ ನೈಟ್ರೋಜನ್ ನಿಲ್ಲುತ್ತದೆ, ತೂತಿನಿಂದ ಮೂತಿ ಇಣುಕುತ್ತದೆ, ನಳಿಗೆ ನಡುವೆ ತೂಗುತ್ತದೆ. ಹಸಿರು ಬೆಳಕು ಕಣ್ಣಿಗೆ ಬೀಳದಂತೆ ಮೂವರೂ ಕಿತ್ತಳೆ ಬಣ್ಣದ ಕನ್ನಡಕ ಹಾಕಿಕೊಂಡೆವು.

“ಹೆಂಗ ಕಾಣ್ತೀನಿ? ಹೀರೋ ಕಂಡಂಗ ಕಾಣ್ತೀನಿಲ್ಲೋ?” ಎಂದರು ಭಾವ.

“ವಿಲನ್ ಕಂಡಂಗ್ರಿ,” ಎಂದಳು ಹುಲುಗಮ್ಮ ಮೆಲ್ಲಗೆ. ಭಾವನಿಗೆ ಅವಳು ಆಗಲೇ ಹಿಡಿಸಿದಳು.

ಅವರು ಉದ್ದನೆ ಹಿಡಿಯ ಸೌಟಿನಿಂದ ನೈಟ್ರೋಜನ್ ಸುರಿದರು. ಡಬ್ಬಿ ಬುಸುಗುಟ್ಟಿತು, ಬಿಳಿ ಹೊಗೆ ಅಂಚು ದಾಟಿ ಮೇಜಿನ ಮೇಲೆ ಹರಿದು ನೆಲಕ್ಕೆ ಇಳಿಯಿತು. ನಾನು ನಳಿಗೆಯ ಕೊರಳಿಗೆ ಕಟ್ಟಿದ ದಾರ ಹಿಡಿದು ಇಳಿಬಿಡತೊಡಗಿದೆ.

“ಏ ಏ, ಹಂಗಲ್ಲ!” ಭಾವ ದಾರ ಕಸಿದುಕೊಂಡರು. “ಕಡ್ಡೀನ ಕ್ಯಾನಿನ ಕತ್ತಿನಾಗ ನಿಲ್ಲಿಸಬಾರದು. ಹಾಕಿದ್ರ ಒಮ್ಮಿಗೇ ಹಾಕಬೇಕು, ತೆಗೆದ್ರ ಒಮ್ಮಿಗೇ ತೆಗೀಬೇಕು. ನಡುವ ತಡ ಮಾಡಿದ್ರ ಒಳಗಿನದು ಕೆಟ್ಟು ಹೋಗತೈತಿ. ಟ್ರೇನಿಂಗಿನಾಗ ಮೊದಲು ಕಲಿಸಿದ್ದೇ ಅದು.”

ಹೀಗೆ ಹೇಳಿ ನಳಿಗೆಯನ್ನು ಒಂದೇ ಏಟಿಗೆ ಮುಳುಗಿಸಿಬಿಟ್ಟರು. ಅವರ ಕೈಗೆ ಅಷ್ಟು ವರ್ಷಗಳ ರೂಢಿ. ನನಗೂ ಅದೇ ಸರಿ ಅನ್ನಿಸಿತು. ಚಳಿ ಹೇಗೆ ಹತ್ತಿದರೇನು, ಹತ್ತಿದರೆ ಸಾಕಲ್ಲ?

ಕುದಿತ ನಿಂತ ಮೇಲೆ ನಳಿಗೆಯನ್ನು ಮೂತಿಯ ಎದುರಿಗೆ ಬರುವಷ್ಟು ಎತ್ತಿ ಕಟ್ಟಿದೆ. ಒಳಗಿನ ಈಥರ್ ಗಟ್ಟಿಯಾಗಿತ್ತು. ಆದರೆ ಬೆಳ್ಳಗಾಗಿರಲಿಲ್ಲ. ತಿಳಿಯಾಗಿ, ಗಾಜಿನೊಳಗೆ ಇನ್ನೊಂದು ಗಾಜು ಇಟ್ಟಂತೆ ಇತ್ತು. ಗುಂಡಿ ಒತ್ತಿದೆ. ಗೆರೆ ಎದ್ದಿತು.

ಎತ್ತರದ ಶಿಖರ. ಪಕ್ಕದಲ್ಲಿ ಗಿಡ್ಡ ಶಿಖರ. ಇದ್ದಲ್ಲೇ ಇತ್ತು, ಇದ್ದಷ್ಟೇ ಇತ್ತು.

ಮತ್ತೊಮ್ಮೆ ಒತ್ತಿದೆ. ಮತ್ತದೇ.

“ಹೋಗಲಿಲ್ಲೇನು?” ಎಂದರು ಭಾವ.

“ಇಲ್ಲ್ರಿ.”

“ಹಂಗಾದ್ರ ನಿನ್ನ ಪುಸ್ತಕ ಸುಳ್ಳು ಹೇಳೈತಿ ಬಿಡು.”

ಹುಲುಗಮ್ಮ ನನ್ನ ಮುಖ ನೋಡದೆ ಡಬ್ಬಿಯನ್ನೇ ನೋಡಿದಳು. ಅದು ಅವಳ ದೊಡ್ಡತನ. ಗಿಡ್ಡ ಶಿಖರ ಹಾಗಾದರೆ ಕಸವೇ? ನಾನು ತೋಳು ಮಡಚಿ ನಿಂತದ್ದು ಯಾವುದಕ್ಕೆ?

ಅಷ್ಟರಲ್ಲಿ ಭಾವನ ಫೋನು. ತಂಬ್ರಹಳ್ಳಿಯ ಜಂಬಮ್ಮ, ಅವರ ದನಿ ನಮಗೂ ಕೇಳುವಷ್ಟು ಜೋರಾಗಿತ್ತು. ಎಮ್ಮೆ ಬೆದೆಗೆ ಬಂದು ನಸುಕಿನಿಂದ ಒದರುತ್ತಿದೆ, ಹೋದ ಸಲ ತಡ ಮಾಡಿ ಬಂದು ಕೆಡಿಸಿದ್ದೀಯ, ಈ ಸಲ ಬರದಿದ್ದರೆ ಬೇರೆಯವರನ್ನು ಕರೆಯುತ್ತೇನೆ.

“ಬಂದೆ ಯವ್ವಾ, ಬೈಕ್ ಮ್ಯಾಲೇ ಅದೀನಿ,” ಎಂದರು ಭಾವ, ಸ್ಟೂಲಿನ ಮೇಲೆ ಕುಳಿತೇ. ಕ್ಯಾನಿನ ಮುಚ್ಚಳ ಹಾಕಿ ಎತ್ತಿಕೊಂಡರು. ಬಾಗಿಲಲ್ಲಿ ನಿಂತು, “ಮನಸಿಗೆ ಹಚ್ಚಿಕೋಬ್ಯಾಡಲೇ. ನಾನು ಹಾಕಿದ ಕಡ್ಡೀನೂ ಎಲ್ಲಾ ಗಬ್ಬ ಕಟ್ಟಂಗಿಲ್ಲ,” ಎಂದು ಹೋದರು.

ಡಬ್ಬಿಯ ತಳದಲ್ಲಿ ಉಳಿದಿದ್ದ ನೈಟ್ರೋಜನ್ ಸದ್ದಿಲ್ಲದೆ ಆರುತ್ತಿತ್ತು. ಚೆಲ್ಲಿ ತೊಳೆಯಬೇಕಿತ್ತು. ಆಗಲಿಲ್ಲ. ಸುಮ್ಮನೆ ಕುಳಿತು ನೋಡಿದೆ. ಹುಲುಗಮ್ಮನೂ ಪಕ್ಕದಲ್ಲಿ ಕುಳಿತಳು. ಮಟ್ಟ ಇಳಿಯಿತು, ಹೊಗೆ ತೆಳುವಾಯಿತು. ನಳಿಗೆ ಈಗ ಬರೀ ತಣ್ಣನೆ ಗಾಳಿಯಲ್ಲಿ ತೂಗುತ್ತಿತ್ತು.

“ಮೇಡಂ,” ಎಂದಳು ಹುಲುಗಮ್ಮ.

ನಳಿಗೆಯ ತಳದಲ್ಲಿ ಒಂದು ಬಿಳಿ ಚುಕ್ಕೆ ಹುಟ್ಟಿತ್ತು. ನೋಡನೋಡುತ್ತ ಅದು ಗರಿಯಾಯಿತು. ಗರಿ ಮೇಲಕ್ಕೆ ಹತ್ತಿತು, ಕವಲೊಡೆಯಿತು. ಕವಲುಗಳು ಗಾಜಿನ ಗೋಡೆ ಮುಟ್ಟಿ ಮತ್ತೆ ಕವಲೊಡೆದವು. ಉಸಿರು ಎಳೆದು ಬಿಡುವಷ್ಟರಲ್ಲಿ ತಿಳಿಯಾದ ಗಾಜೆಲ್ಲ ಹಾಲುಬಿಳುಪಾಯಿತು.

ನನ್ನ ಬೆರಳು ಗುಂಡಿ ಒತ್ತಿದ್ದು ನನಗೆ ಗೊತ್ತಿಲ್ಲ. ಗೆರೆ ಎಡದಿಂದ ಬಂದಿತು. ಎತ್ತರದ ಶಿಖರ ಮೊದಲಿಗಿಂತ ಚೂಪಾಗಿ ಎದ್ದು ಇಳಿಯಿತು. ಆಮೇಲೆ ಗಿಡ್ಡ ಶಿಖರದ ಜಾಗ.

ಬಯಲು. ಕೂಡ್ಲಿಗಿಯ ದಾರಿಯಲ್ಲಿ ಗುಡ್ಡಗಳು ಮುಗಿದ ಮೇಲೆ ಕಾಣುತ್ತದಲ್ಲ, ಹಾಗೆ, ಏನೂ ಇಲ್ಲದ ಬಯಲು.

ಹುಲುಗಮ್ಮ ಪರದೆಗೆ ಮೂಗು ತಾಗುವಷ್ಟು ಬಾಗಿದಳು.

“ಎಲ್ಲಿ ಹೋತ್ರಿ?” ಹುಲುಗಮ್ಮನ ದನಿ ಪಿಸುಮಾತಾಗಿತ್ತು.

“ಎಲ್ಲೂ ಹೋಗಿಲ್ಲ. ಕೈ ಚಾಚ್ಯಾವ.”

“ಅಷ್ಟೂ?”

“ಅಷ್ಟೂ.”

“ಎಷ್ಟು ಇದ್ದಾವ್ರಿ ಅದರಾಗ?”

“ಭೂಮಿ ಮ್ಯಾಲಿನ ಒಬ್ಬೊಬ್ಬರನ್ನೂ ಒಂದೊಂದು ಅಣು ಅಂತ ಹಿಡಿದ್ರ, ಅಂಥ ಎಷ್ಟೋ ಸಾವಿರ ಕೋಟಿ ಭೂಮಿ ಬೇಕು.”

ಹುಲುಗಮ್ಮ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡಳು. “ಒಂದು ಹಿಂಡು ತಿರುಗಿಸಬೇಕಂದ್ರ ನಮ್ಮಪ್ಪನ ಗಂಟಲು ಹರಿತೈತ್ರಿ. ಇವಕ್ಕ ಯಾರು ಕೂಗಿ ಹೇಳಿದ್ರು?”

ಯಾರೂ ಹೇಳಿರಲಿಲ್ಲ. ಆಗ ನನಗೆ ಹೊಳೆಯಿತು. ಭಾವ ಒಮ್ಮೆಗೇ ಮುಳುಗಿಸಿದಾಗ ಅಣುಗಳಿಗೆ ಕೈ ಚಾಚಲು ಪುರುಸೊತ್ತೇ ಸಿಕ್ಕಿರಲಿಲ್ಲ. ಮಡಚಿಕೊಂಡಿದ್ದವು ಮಡಚಿಕೊಂಡಂತೆ, ಚಾಚಿದ್ದವು ಚಾಚಿದಂತೆ, ಗಲಿಬಿಲಿಯಲ್ಲೇ ನಿಂತುಬಿಟ್ಟಿದ್ದವು. ಅದಕ್ಕೇ ಗಾಜಿನ ಹಾಗೆ ತಿಳಿ. ನೈಟ್ರೋಜನ್ ಆರಿ, ಚಳಿ ಒಂದಿಷ್ಟು ಸಡಿಲವಾದಾಗ, ಮಿಸುಕಾಡುವಷ್ಟು ಜಾಗ ಸಿಕ್ಕಿತು. ಸಿಕ್ಕಿದ್ದೇ ತಡ, ಒಂದೊಂದಾಗಿ ಕೈ ಬಿಚ್ಚಿ, ಪಕ್ಕದ್ದರ ಪಕ್ಕದಲ್ಲಿ ಒರಗಿ, ಸಾಲಾದವು. ನಮ್ಮ ಕಣ್ಣಿಗೆ ಅದು ಬಿಳಿ ಗರಿ. ಕಡ್ಡಿಗೆ ಸರಿಯಾದದ್ದು ಈಥರಿಗೆ ತಪ್ಪಾಗಿತ್ತು. ಆ ತಪ್ಪು ನಡೆಯದೆ ಹೋಗಿದ್ದರೆ, ಅಣುಗಳು ನಡುದಾರಿಯಲ್ಲಿ ಹಾಗೆ ನಿಲ್ಲಬಲ್ಲವು ಎಂಬುದನ್ನು ನಾನು ನೋಡುತ್ತಲೇ ಇರಲಿಲ್ಲ. ಪುಸ್ತಕದ ಆ ಒಂದು ಸಾಲಿನಲ್ಲಿ ಅದು ಇರಲಿಲ್ಲ.

ಹೇಳುತ್ತಾ ಹೋದೆ. ನಾನು ಅಷ್ಟು ಮಾತಾಡಿದ್ದು ನನಗೇ ಆಮೇಲೆ ತಿಳಿಯಿತು.

ಡಬ್ಬಿ ಪೂರ್ತಿ ಆರಿತು. ಬಿಳುಪು ಅಂಚಿನಿಂದ ಕರಗಿ, ನಳಿಗೆಯಲ್ಲಿ ಮತ್ತೆ ಈಥರ್ ಅಲುಗಾಡಿತು. ಪರದೆಯ ಬಯಲಿನಲ್ಲಿ ಒಂದು ಉಬ್ಬು ಎದ್ದಿತು. ಬೆಳೆದು, ಗಿಡ್ಡ ಶಿಖರವಾಗಿ ತನ್ನ ಜಾಗದಲ್ಲಿ ಕುಳಿತಿತು.

“ಮೊದಲು ಮಡಚಿದ್ವಲ್ಲ, ಅವೇನಾ ಈಗ ಮಡಚಿದ್ದು? ಬ್ಯಾರೇವಾ?” ಎಂದಳು ಹುಲುಗಮ್ಮ.

“ಕರಗಿದ ಮ್ಯಾಲೆ ಯಾವುದೂ ಒಂದೇ ಥರ ನಿಲ್ಲಂಗಿಲ್ಲ. ನೀನು ಕಣ್ಣು ಮಿಟುಕಿಸೋದರೊಳಗ ಒಂದೊಂದೂ ಕೋಟಿಗಟ್ಟಲೆ ಸಲ ಮಡಚಿ ಚಾಚಿರತೈತಿ.”

ಅವಳು ಕಣ್ಣು ಮಿಟುಕಿಸಿದಳು. ಆಮೇಲೆ, ಏನೋ ಮುರಿದೀತು ಎಂಬಂತೆ, ಮಿಟುಕಿಸದೆ ಕುಳಿತಳು.

ಖುಷಿಯ ಹಿಂದೆಯೇ ಹೆದರಿಕೆ ಬಂದಿತು. ಮೂತಿ ಸರಿದಿದ್ದರೆ? ಬಿಳುಪಿನಿಂದಾಗಿ ಬೆಳಕು ಚದುರಿ ನನಗೆ ಬೇಕಾದದ್ದೇ ಕಂಡಿದ್ದರೆ? ಒಮ್ಮೆ ಆದದ್ದು ಆಕಸ್ಮಿಕವೂ ಆಗಿರಬಹುದು. ಇನ್ನೊಮ್ಮೆ ಆಗಬೇಕು. ಆಗಲೇ ನಾನು ನೋಡಿದೆ ಎಂದು ಹೇಳಬಹುದು. ನೈಟ್ರೋಜನ್ ಇರಲಿಲ್ಲ. ಶಿವಯೋಗಪ್ಪ ಸರ್ ಬಾಗಿಲಲ್ಲಿ ನಿಂತು, ಗಾಡಿ ಹಡಗಲಿ ಬಿಟ್ಟಿದೆಯಂತೆ, ಪೆಟ್ಟಿಗೆ ಕಟ್ಟಿ ಇಡಮ್ಮ ಎಂದು ಹೇಳಿ ಹೋದರು.

ನಾನು ಭಾವನಿಗೆ ಫೋನು ಹಚ್ಚಿದೆ. ಫೋನಿನಲ್ಲಿ ಮಾತಾಡುವುದೆಂದರೆ ನನಗೆ ಆಗದು. ಎತ್ತಿದ್ದು ಜಂಬಮ್ಮ.

“ಅವ್ನ ಕೈ ಎಮ್ಮಿ ಒಳಗ ಐತವ್ವ! ಏನು ಹೇಳಬೇಕು ನನಗ ಹೇಳು!”

“ಈಥರು ಬೆಳ್ಳಗಾತು ಅಂತ ಹೇಳ್ರಿ. ಬರಬೇಕಂತ ಹೇಳ್ರಿ.”

“ಯಾರು ಬೆಳ್ಳಗಾದ್ರು?” ಎಂದು ಕೂಗಿದ್ದು, ಹಿಂದೆ ಭಾವ ನಕ್ಕದ್ದು ಕೇಳಿಸಿತು.

ಅವರು ಬಂದಾಗ ತೋಳಿಗೆ ಇನ್ನೂ ಸಗಣಿಯ ವಾಸನೆಯಿತ್ತು. ಕ್ಯಾನನ್ನು ಕೆಳಗಿಡದೆ ಕೇಳಿದರು, “ಏನಾತು?”

“ಇನ್ನೊಂದು ಸೌಟು ಬೇಕ್ರಿ ಭಾವ.”

“ಪುಷ್ಪಾ…”

“ಒಂದೇ. ಆಮೇಲೆ ಜೀವಮಾನದಾಗ ಕೇಳಂಗಿಲ್ಲ.”

ನನ್ನ ದನಿ ಗೋಡೆಗೆ ಬಡಿದು ಬಂದಿತ್ತು. ಭಾವ ನನ್ನನ್ನು ಯಾರೋ ಹೊಸಬಳನ್ನು ನೋಡುವಂತೆ ನೋಡಿದರು. ನಂತರ ಕ್ಯಾನಿನ ಮುಚ್ಚಳ ತೆಗೆದು ಅಳತೆಯ ಕೋಲು ಇಳಿಸಿ, ಎತ್ತಿ, ಗಾಳಿಯಲ್ಲಿ ಆಡಿಸಿದರು. ಕೋಲಿಗೆ ಬಿಳಿ ಮಂಜು ಎಲ್ಲಿಯವರೆಗೆ ಹತ್ತಿತೋ ಅಲ್ಲಿಯವರೆಗೆ ನೈಟ್ರೋಜನ್. ಅದನ್ನು ನೋಡುತ್ತ ತುಟಿ ಕಚ್ಚಿದರು. ಟ್ಯಾಂಕರ್ ತಡವಾದರೆ ಅವರ ಹೋರಿ, ಕೋಣಗಳೆಲ್ಲ ನನ್ನ ಲೆಕ್ಕಕ್ಕೆ ಬರುತ್ತಿದ್ದವು.

“ನೋಡು, ಇದು ಕೊನೇದು,” ಎಂದು ಒಂದು ಸೌಟು, ಆಮೇಲೆ ಏನನ್ನೋ ಯೋಚಿಸಿ ಇನ್ನರ್ಧ ಸೌಟು ಸುರಿದರು.

ಈ ಸಲ ದಾರ ನಾನೇ ಹಿಡಿದೆ. ನಳಿಗೆಯನ್ನು ದ್ರವಕ್ಕೆ ತಾಗಿಸಲಿಲ್ಲ. ಮೇಲಿನ ತಣ್ಣನೆ ಹೊಗೆಯಲ್ಲಿ, ಮೂತಿಯ ಎದುರಿಗೇ ನಿಲ್ಲಿಸಿದೆ. ಭಾವನಿಗೆ ಅದನ್ನು ಸಹಿಸಲಾಗಲಿಲ್ಲ.

“ಕತ್ತಿನಾಗ ನಿಂತೈತಿ ನೋಡದು… ಮುಳುಗಿಸಲೇ…”

“ಇದು ಕಡ್ಡಿ ಅಲ್ರಿ. ಇದಕ್ಕ ತಡ ಆಗಬೇಕು. ನೀವು ಒಮ್ಮಿಗೇ ಮುಳುಗಿಸಿದಾಗ ಅಣುಗಳು ಇದ್ದಲ್ಲೇ ನಿಂತುಬಿಟ್ಟಿದ್ವು.”

ಅವರ ಕೈ ತಾನಾಗಿ ದಾರದ ಕಡೆ ಬಂದಿತು. ನಾನು ಅವರ ಮಣಿಕಟ್ಟು ಹಿಡಿದೆ. ಹಿಡಿದ ಮೇಲೆ, ಬಿಡಲಿಲ್ಲ.

ಹೊರಗೆ ಗಾಡಿ ಬಂದು ನಿಂತ ಸದ್ದು. ಶಿವಯೋಗಪ್ಪ ಸರ್ ಒಳಗೆ ಬಂದರು, ಏನೋ ಹೇಳಲು ಬಾಯಿ ತೆರೆದರು, ಹುಲುಗಮ್ಮ ತುಟಿಯ ಮೇಲೆ ಬೆರಳಿಟ್ಟಳು. ಮುಖ್ಯಸ್ಥರು ಬಾಯಿ ಮುಚ್ಚಿ, ಅವಳು ಕೊಟ್ಟ ಕನ್ನಡಕ ಹಾಕಿಕೊಂಡು ನಮ್ಮ ಹಿಂದೆ ನಿಂತರು.

ಏನೂ ಆಗಲಿಲ್ಲ. ಈಥರ್ ನೀರಿನ ಹಾಗೆ ತಿಳಿಯಾಗಿಯೇ ಇತ್ತು. ಎರಡು ಶಿಖರಗಳೂ ಇದ್ದವು. ನನ್ನ ಎದೆ ಹೊಡೆದುಕೊಳ್ಳುವುದು ಭಾವನ ಮಣಿಕಟ್ಟಿಗೆ ಗೊತ್ತಾಗುತ್ತಿರಬೇಕು ಅಂದುಕೊಂಡೆ. ಮತ್ತೂ ಏನೂ ಆಗಲಿಲ್ಲ.

ಆಮೇಲೆ ತಳದಲ್ಲಿ ಚುಕ್ಕೆ. ಗರಿ. ಈ ಸಲ ಅದು ನಿಧಾನ, ಎಲೆಯ ನರಗಳು ಮೂಡುವಂತೆ ಒಂದೊಂದೇ ಕವಲು. ಹುಲುಗಮ್ಮ ಪರದೆಯ ಕಡೆ ಬೆರಳು ಮಾಡಿದಳು. ಗರಿ ಮೂತಿಯ ಎದುರನ್ನು ದಾಟುತ್ತಿದ್ದಂತೆ, ಒಂದು ಗೆರೆಯಿಂದ ಇನ್ನೊಂದು ಗೆರೆಗೆ, ಗಿಡ್ಡ ಶಿಖರ ತಗ್ಗಿತು. ಇನ್ನಷ್ಟು ತಗ್ಗಿತು. ಮಣ್ಣಿನ ಗುಡ್ಡೆಯಷ್ಟಾಯಿತು, ಇರುವೆ ಗೂಡಿನಷ್ಟಾಯಿತು. ಬಯಲಾಯಿತು.

“ಯಪ್ಪಾ,” ಎಂದರು ಶಿವಯೋಗಪ್ಪ ಸರ್. ಅಷ್ಟು ವರ್ಷ ಪಾಠ ಮಾಡಿದವರ ಬಾಯಲ್ಲಿ ಅದೊಂದೇ ಮಾತು ಬಂದಿತು.

ನಾನು ಭಾವನ ಕೈ ಬಿಟ್ಟೆ.

ಅವರು ಪರದೆ ನೋಡಲಿಲ್ಲ. ನಳಿಗೆಯನ್ನು ನೋಡಿದರು, ಆಮೇಲೆ ಮೇಜಿನ ಕೆಳಗಿದ್ದ ತಮ್ಮ ಕ್ಯಾನನ್ನು ನೋಡಿದರು. “ಮೊದಲು ನಾ ಮುಳುಗಿಸಿದಾಗ ಅವು ಇದ್ದಲ್ಲೇ ನಿಂತಿದ್ವು ಅಂದಿ?”

“ಹೂಂ ರೀ.”

“ಹಂಗಾದ್ರ ನನ್ನ ಕಡ್ಡಿಯೊಳಗಿನವೂ? ಈಜಾಕ ಹೊಂಟಿದ್ದು ಹೊಂಟಂಗೇ ನಿಂತಾವು? ವರ್ಷಗಟ್ಟಲೆ?”

“ನನಗ ಗೊತ್ತಿಲ್ರಿ. ಹಂಗೇ ಇರಬೇಕು.”

“ಅಲ್ಲಲೇ, ದಿನಾ ಬೆನ್ನಿಗೆ ಕಟ್ಟಿಕೊಂಡು ತಿರುಗ್ತೀನಿ ನಾನು,” ಎಂದರು, ಯಾರಿಗೂ ಅಲ್ಲದಂತೆ.

ಅವರ ಫೋನು ಬಡಿದುಕೊಳ್ಳತೊಡಗಿತು. ಇನ್ಯಾವುದೋ ಹಳ್ಳಿ, ಇನ್ಯಾರದೋ ಎಮ್ಮೆ. ಹೊರಗೆ ಗಾಡಿಯವನು ಹಾರನ್ ಒತ್ತಿದ. ಭಾವ ಜೇಬಿನ ಮೇಲೆ ಕೈ ಇಟ್ಟು ಸದ್ದನ್ನು ಅದುಮಿ, ಇನ್ನೊಂದು ಕೈಯಿಂದ ಸ್ಟೂಲು ಎಳೆದುಕೊಂಡು ಡಬ್ಬಿಯ ಮುಂದೆ ಕುಳಿತರು.

“ಇನ್ನ ಕರಗಾಕ ಬಿಡು,” ಎಂದರು. “ಅವು ಮತ್ತ ಮಡಚೋದನ್ನ ನಾನೂ ನೋಡಬೇಕು.”